ಅಂಕಿಅಂಶ ಇರಲಿ, ನಿರ್ಧಾರ ಮೈದಾನದಲ್ಲಿರಲಿ
ಕ್ರಿಕೆಟ್‌ಗೆ ದತ್ತಾಂಶ ವಿಶ್ಲೇಷಕರು ಬಂದ ಮೇಲೆ ತರಬೇತುದಾರರ ಕಣ್ಣಳತೆಗೆ ಬೆಲೆಯಿಲ್ಲ ಎಂಬ ಲೇಖನವೊಂದರ ಮಾತನ್ನು ಒಪ್ಪಲು ನನಗೆ ಸಾಧ್ಯವಿಲ್ಲ.

2020ರ ಡಿಸೆಂಬರ್‌ನಲ್ಲಿ ಕೇಪ್‌ಟೌನ್‌ನಲ್ಲಿ ನಡೆದ ಟಿ20 ಪಂದ್ಯವನ್ನು ನೆನಪಿಸಿಕೊಳ್ಳಿ. ಇಂಗ್ಲೆಂಡ್ ತಂಡದ ವಿಶ್ಲೇಷಕ ನೇಥನ್ ಲೀಮನ್ ಬಾಲ್ಕನಿಯಲ್ಲಿ ಅಕ್ಷರ, ಅಂಕಿಗಳಿದ್ದ ಫಲಕಗಳನ್ನಿಟ್ಟು ನಾಯಕ ಇಯಾನ್ ಮಾರ್ಗನ್‌ಗೆ ಸಂಕೇತ ಕೊಡುತ್ತಿದ್ದರು. ಇದು ಆಟದ ಘನತೆಗೆ ತಕ್ಕದ್ದೇ ಎಂದು ಆಗ ದೊಡ್ಡ ಚರ್ಚೆಯೇ ಎದ್ದಿತು. ಆದರೆ ಆ ಫಲಕ ಸಲಹೆಯಷ್ಟೇ; ಒಪ್ಪುವುದು, ಬಿಡುವುದು ಮಾರ್ಗನ್ ಅವರಿಗೆ ಬಿಟ್ಟದ್ದಾಗಿತ್ತು. ಗಾಳಿ ಎತ್ತ ಬೀಸುತ್ತಿದೆ, ಹಿಂದಿನ ಸಿಕ್ಸರ್‌ಗೆ ಬೌಲರ್ ಎದೆಗುಂದಿದ್ದಾನೆಯೇ ಎಂಬುದು ಮೈದಾನದಲ್ಲಿ ನಿಂತವರಿಗೇ ಚೆನ್ನಾಗಿ ಗೊತ್ತಾಗುವುದು.

ಶಾಲಾ ತಂಡಗಳಿಗಂತೂ ದುಬಾರಿ ಸಾಫ್ಟ್‌ವೇರ್ ಬೇಕೇ ಇಲ್ಲ, ಸ್ಕೋರ್ ಪುಸ್ತಕವನ್ನು ಸರಿಯಾಗಿ ಓದಿದರೆ ಸಾಕು. ಇಬ್ಬರು ಹುಡುಗರು ತಲಾ 30 ಎಸೆತಗಳಲ್ಲಿ 30 ರನ್ ಹೊಡೆದಿದ್ದಾರೆ ಎನ್ನಿ. ಒಬ್ಬ ಐದು ಸಿಕ್ಸರ್ ಬಾರಿಸಿ ಉಳಿದ 25 ಎಸೆತಗಳನ್ನು ವ್ಯರ್ಥ ಮಾಡಿದ. ಇನ್ನೊಬ್ಬ ಪ್ರತಿ ಎಸೆತಕ್ಕೂ ಒಂದೊಂದು ರನ್ ಓಡಿದ. ಇಬ್ಬರ ಸ್ಟ್ರೈಕ್ ರೇಟ್, ಅಂದರೆ ನೂರು ಎಸೆತಗಳಿಗೆ ಗಳಿಸುವ ರನ್ ಲೆಕ್ಕ, 100. ಇವರಿಬ್ಬರಿಗೂ ಒಂದೇ ಪಾಠ ಹೇಳುವವರು ತರಬೇತುದಾರರೇ ಅಲ್ಲ! ಹಾಗೆಂದು ಆ 25ರ ಲೆಕ್ಕವನ್ನು ಎಲ್ಲರೆದುರು ಓದಿ ಹುಡುಗನ ಮುಖ ಸಣ್ಣದು ಮಾಡಬೇಡಿ. ಮರುದಿನ ನೆಟ್ಸ್‌ನಲ್ಲಿ ಚೆಂಡನ್ನು ಮೆಲ್ಲಗೆ ತಳ್ಳಿ ಓಡುವ ಅಭ್ಯಾಸ ಮಾಡಿಸಿ.