ಕೊಸರು

ಕೊಸರು ಅಂದರೇನು ಅಂತ ನನ್ನ ಮಗನಿಗೆ ವಿವರಿಸಲು ಹೋಗಿ ಸೋತೆ. 'ತೂಕ ಆದ ಮೇಲೆ ಸುಮ್ನೆ ಒಂಚೂರು ಹಾಕೋದು' ಅಂದೆ. 'ಓ, ಆಫರ್' ಅಂದ. ಆಫರ್ ಅಲ್ಲ. ಆಫರಿಗೆ ಬೋರ್ಡು ಇರುತ್ತದೆ, ಷರತ್ತು ಇರುತ್ತದೆ. ಕೊಸರನ್ನು ಗಿರಾಕಿ ಬಾಯಿಬಿಟ್ಟು ಕೇಳಬೇಕು, ಅಂಗಡಿಯವನು ಒಂದು ಸಲ ಮುಖ ಸಿಂಡರಿಸಬೇಕು, ಆಮೇಲೆ ಕೊಡಬೇಕು. ಅದು ರೂಢಿ. ನಮ್ಮಪ್ಪನಿಗೆ ಮುಖ ಸಿಂಡರಿಸಲು ಬರುತ್ತಿರಲಿಲ್ಲ. ಕೇಳುವ ಮೊದಲೇ ಕೊಟ್ಟುಬಿಡುತ್ತಿದ್ದರು. ಅಮ್ಮನ ತಕರಾರೆಲ್ಲ ಅಲ್ಲೇ ಇತ್ತು.

ತುಮಕೂರಿನ ಮಂಡಿಪೇಟೆ ಪಕ್ಕದ ಗಲ್ಲಿಯಲ್ಲಿ ಅಪ್ಪನ ದಿನಸಿ ಅಂಗಡಿ. ಸುತ್ತ ದೊಡ್ಡ ದೊಡ್ಡ ಮಂಡಿಗಳು, ನಡುವೆ ಇದೊಂದು ಗೂಡು. ಒಳಗೆ ಹೋದರೆ ಹುಣಸೆಹಣ್ಣು, ಬೆಲ್ಲ, ಗೋಣಿಚೀಲ ಎಲ್ಲ ಸೇರಿ ಒಂದೇ ವಾಸನೆ. ಅಪ್ಪನ ಅಂಗಿಗೂ ಅದೇ. ಬೆಳಗ್ಗೆ ಬೋಣಿಗೆ ಮುಂಚೆ ತಕ್ಕಡಿಗೆ ಊದುಬತ್ತಿ ಬೆಳಗುತ್ತಿದ್ದರು. ಸೇರಿನಲ್ಲಿ ಅಳೆಯುವಾಗ 'ಒಂದು' ಅನ್ನುತ್ತಿರಲಿಲ್ಲ, 'ಲಾಭ' ಅನ್ನುತ್ತಿದ್ದರು. ಲಾಭ, ಎರಡು, ಮೂರು. ಮೊದಲು ಬಾಯಲ್ಲಿ ಬಂದ ಲಾಭ ಕೊನೆಗೆ ಕೈಯಿಂದ ಹೋಗುತ್ತಿತ್ತು.

ತೂಕದ ಕಲ್ಲು ಅನ್ನುತ್ತೇವೆ, ಅದು ಕಲ್ಲಲ್ಲ, ಆರು ಮೂಲೆಯ ಎರಕದ ಕಬ್ಬಿಣ. ಅದರ ಮೈಯಲ್ಲಿ ಒಂದು ಗುಳಿ, ಗುಳಿಯಲ್ಲಿ ಸೀಸ, ಸೀಸದ ಮೇಲೆ ಇಲಾಖೆಯ ಮುದ್ರೆ. ಸವೆದು ತೂಕ ಇಳಿದರೆ ಸೀಸ ತುಂಬಿ ಸರಿಮಾಡಿ, ಮತ್ತೆ ಸೀಲು ಹೊಡೆಯುತ್ತಾರೆ. ಎಲೆಕ್ಟ್ರಾನಿಕ್ ತಕ್ಕಡಿ ತಂದ ಮೇಲೆ ಅಪ್ಪನಿಗೆ ಒಂದು ವಿಷಯ ಬಹಳ ಇಷ್ಟವಾಯಿತು. ಕಲ್ಲಿಗೆ ಎರಡು ವರ್ಷಕ್ಕೊಮ್ಮೆ ಸೀಲು ಹಾಕಿಸಿದರೆ ಸಾಕು, ಈ ಮಷೀನಿಗೆ ಪ್ರತಿ ವರ್ಷ ಹಾಕಿಸಬೇಕು. 'ನೋಡಿದ್ಯಾ, ಸರ್ಕಾರಕ್ಕೂ ಕಬ್ಬಿಣದ ಮೇಲೇ ನಂಬಿಕೆ ಜಾಸ್ತಿ' ಅಂತ ಬಂದವರಿಗೆಲ್ಲ ಹೇಳುತ್ತಿದ್ದರು. ಮಷೀನಿನ ಮೇಲೆ ಅವರಿಗಿದ್ದ ಸಿಟ್ಟು ಬೇರೆಯದೇ. ತಕ್ಕಡಿಯಲ್ಲಾದರೆ ಗಿರಾಕಿಯ ಸಾಮಾನಿದ್ದ ತಟ್ಟೆ ಕೆಳಗಿಳಿಯುವುದು ಕಣ್ಣಿಗೆ ಕಾಣುತ್ತದೆ. ಮಷೀನಿನಲ್ಲಿ 250 ಇದ್ದದ್ದು 258 ಆಗುತ್ತದೆ, ಅಷ್ಟೇ. 258 ನೋಡಿ ಯಾರ ಮುಖ ಅರಳುತ್ತೆ ಹೇಳಿ?

ನಾನು ಬಿ.ಕಾಂ. ಓದುವಾಗ, ಹೊಸದಾಗಿ ಲೆಕ್ಕ ಕಲಿತ ಹುರುಪಿನಲ್ಲಿ, ಈ ಕೊಸರಿಗೊಂದು ಲೆಕ್ಕ ಹಾಕಿದೆ. ದಿನಕ್ಕೆ 100 ಗಿರಾಕಿ, ತಲೆಗೆ 5 ಗ್ರಾಂ, ದಿನಕ್ಕೆ ಅರ್ಧ ಕೆಜಿ. ತಿಂಗಳಿಗೆ 15 ಕೆಜಿ. ವರ್ಷಕ್ಕೆ 180 ಕೆಜಿ. ರಾತ್ರಿ ಗಲ್ಲಾಪೆಟ್ಟಿಗೆ ಎಣಿಸುತ್ತಿದ್ದ ಅಪ್ಪನ ಮುಂದೆ ಚೀಟಿ ಇಟ್ಟೆ. ಕನ್ನಡಕ ಏರಿಸಿ ಎರಡು ಸಲ ಓದಿದರು. 'ನೂರಾ ಎಂಬತ್ತು ಕೆಜಿನಾ? ನಾನಾ?' ಅಂದರು. ಬೇಜಾರಾಗುತ್ತಾರೆ ಅಂದುಕೊಂಡಿದ್ದೆ. ಮಾರನೇ ದಿನ ಹೋಗಿ ನೋಡಿದರೆ ಆ ಚೀಟಿಯನ್ನು ಪಕ್ಕದ ಅಂಗಡಿಯವರಿಗೆ ತೋರಿಸುತ್ತಾ ಕೂತಿದ್ದರು, ನನ್ನ ಮಾರ್ಕ್ಸ್ ಕಾರ್ಡು ತೋರಿಸಿದ ಹಾಗೆ.

ಸಂಕ್ರಾಂತಿ ಬಂದರೆ ಜಗಳ ಜೋರು. ಅಂಗಡಿಯಲ್ಲಿ ಮಾರುವ ಎಳ್ಳು ಬೆಲ್ಲ ತಯಾರಾಗುತ್ತಿದ್ದದ್ದು ನಮ್ಮ ಮನೆಯಲ್ಲೇ. ತಿಪಟೂರಿನ ಕೊಬ್ಬರಿ ಬರುತ್ತಿತ್ತು. ಅದರ ಕಪ್ಪು ಹೆರೆದು, ಸಣ್ಣಗೆ ಹೆಚ್ಚಿ, ಬಿಸಿಲಿಗೆ ಹಾಕಬೇಕು. ಕಡಲೆಬೀಜ ಹುರಿದು ಸಿಪ್ಪೆ ತೆಗೆಯಬೇಕು. ಅಮ್ಮನ ಬೆರಳಲ್ಲಿ ಬೊಬ್ಬೆ. 'ಹೆಚ್ಚೋದು ನನ್ನ ಕೈ, ಕೊಸರು ಹಾಕೋದು ಇವರ ಕೈ' ಅನ್ನುತ್ತಿದ್ದಳು. ಅಂಗಡಿ ಮುಚ್ಚಿ ಬಂದ ಅಪ್ಪ ಊಟ ಮಾಡಿ, ತಾವೂ ಒಂದು ಈಳಿಗೆಮಣೆ ಎಳೆದುಕೊಂಡು ಬೆಲ್ಲ ಹೆಚ್ಚಲು ಕೂರುತ್ತಿದ್ದರು. ಹಲ್ಲು ಮುರಿಯುವಷ್ಟು ದಪ್ಪ ದಪ್ಪ ಚೂರು. ಅಮ್ಮ ಏನೂ ಅನ್ನದೆ ಅದನ್ನೇ ಮತ್ತೆ ಹೆಚ್ಚುತ್ತಿದ್ದಳು. ಹನ್ನೊಂದು ಗಂಟೆಯವರೆಗೂ ಇಬ್ಬರದೂ ಇದೇ ಕೆಲಸ. ಅವರಿಬ್ಬರೂ ಅಷ್ಟು ಹೊತ್ತು ಒಟ್ಟಿಗೆ ಕೂರುತ್ತಿದ್ದದ್ದು ವರ್ಷದಲ್ಲಿ ಆಗ ಮಾತ್ರ.

ಸಕ್ಕರೆ ಅಚ್ಚಿನ ಕಥೆ ಬೇರೆ. ಗಿಳಿ, ಕೋಳಿ, ಆನೆ, ಗೋಪುರ. ಮಕ್ಕಳನ್ನು ಕರೆದುಕೊಂಡು ಬಂದ ಗಿರಾಕಿಗೆ ಅಪ್ಪನ ಕೊಸರು ಒಂದು ಇಡೀ ಗಿಳಿ. ಅಚ್ಚಿನಿಂದ ಬಿಡಿಸುವಾಗ ಮೂಗು ಮುರಿದದ್ದು, ಸೊಂಡಿಲು ಹೋದದ್ದು ಮನೆಗೆ. ಆನೆಗೆ ಸೊಂಡಿಲಿರುತ್ತೆ ಅಂತ ನನಗೆ ಗೊತ್ತಾಗಿದ್ದು ಸ್ಕೂಲಿಗೆ ಸೇರಿದ ಮೇಲೇ ಇರಬೇಕು.

ಅಂಗಡಿಗೆ ರಜ ಅಂತ ಇರುತ್ತಿದ್ದದ್ದು ಕಡಿಮೆ. ಶಿವರಾತ್ರಿ ಹೊತ್ತಿಗೆ ಸಿದ್ಧಗಂಗೆ ಜಾತ್ರೆಗೆ ಹೋಗುತ್ತಿದ್ದೆವು. ದನಗಳ ಪರಿಷೆ ಸುತ್ತಿ, ಬರುವಾಗ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ. ಹೋಟೆಲಿನವನು ಕೇಳದೇ ಎರಡನೇ ಸಲ ಚಟ್ನಿ ಹಾಕಿದ. ಅಪ್ಪ ಗೆದ್ದವರ ಹಾಗೆ ಅಮ್ಮನನ್ನು ನೋಡಿ, 'ಇದೂ ಕೊಸರೇ ಅಲ್ವಾ?' ಅಂದರು. 'ಒಳಗೆ ಚಟ್ನಿ ರುಬ್ಬೋಳನ್ನ ಕೇಳ್ರೀ' ಅಂದಳು ಅಮ್ಮ.

ಅಪ್ಪ ಹೋಗಿ ನಾಲ್ಕು ವರ್ಷವಾಯಿತು. ಅಂಗಡಿ ಈಗ ಮೊಬೈಲ್ ರಿಪೇರಿಯವರ ಕೈಯಲ್ಲಿದೆ. ಅಮ್ಮ ಬೇಡ ಬೇಡ ಅನ್ನುತ್ತಲೇ ಸಂಕ್ರಾಂತಿಗೆ ಮನೆಯಿಂದಲೇ ಎಳ್ಳು ಮಾರುತ್ತಾಳೆ. ಮಷೀನಿನಲ್ಲೇ ತೂಕ. 252 ತೋರಿಸಿದರೆ ಎರಡು ಕಡಲೆಬೀಜ ವಾಪಸ್ಸು ತೆಗೆಯುತ್ತಾಳೆ, ನಾನೇ ನೋಡಿದ್ದೇನೆ.

ಈ ಸಲ ಎದುರು ಮನೆಯ ಹುಡುಗ ಕಾಲು ಕೆಜಿ ಕಟ್ಟಿಸಿಕೊಂಡು, ದುಡ್ಡು ಕೊಟ್ಟು, ಅಲ್ಲೇ ನಿಂತ.

'ಇನ್ನೇನೋ?'

'ಕೊಸರು ಕೇಳಿ ಇಸ್ಕೊಂಡ್ ಬಾ ಅಂದ್ರು ನಮ್ಮಜ್ಜಿ.'

'ಕೊಸರೆಲ್ಲಾ ನಮ್ಮ ಯಜಮಾನ್ರ ಕಾಲಕ್ಕೇ ಮುಗೀತು' ಅಂದಳು ಅಮ್ಮ. ಆದರೂ ಡಬ್ಬಿಗೆ ಕೈ ಹಾಕಿ ಒಂದು ಗಿಳಿ ತೆಗೆದುಕೊಟ್ಟಳು. ಹುಡುಗ ತಿರುಗಿಸಿ ನೋಡಿದ. 'ಮೂಗೇ ಇಲ್ಲ' ಅಂದ. ಕದಲಲಿಲ್ಲ.

ಅಮ್ಮ ಗೊಣಗುತ್ತಾ ಡಬ್ಬಿಯಲ್ಲಿ ಮತ್ತೆ ತಡಕಾಡಿದಳು. ಒಂದು ಇಡೀ ಗಿಳಿಯನ್ನು ಹುಡುಗನ ಅಂಗೈಗಿಟ್ಟು, ಮೂಗಿಲ್ಲದ್ದನ್ನು ವಾಪಸ್ಸು ಇಸಿದುಕೊಂಡಳು. ನನ್ನ ಕಡೆ ತಿರುಗಿ, 'ತಗೋ, ನೀನು ತಿನ್ನು' ಅಂದಳು.