ಅಪ್ಪ ಅಮ್ಮನ ಟಿಕೆಟ್ ಮಾಡುವ ಮುಂಚೆ ಗಂಟೆ ಲೆಕ್ಕ ಹಾಕಿ

ನಮ್ಮ ಹಾಸನದಲ್ಲಿ ಈಗ ಯಾವ ಬೀದಿಗೆ ಹೋದರೂ ಮಕ್ಕಳನ್ನು ನೋಡಲು ಅಮೆರಿಕಕ್ಕೆ ಹೋಗಿಬಂದವರು ಸಿಗುತ್ತಾರೆ. ಅವರಿಗೆ ಟಿಕೆಟ್ ಮಾಡಿಕೊಡುವ ಮಕ್ಕಳಿಗೆ ಒಂದು ಮಾತು ಹೇಳಬೇಕು. ಬರೀ ರೇಟ್ ನೋಡಬೇಡಿ. ಈ ಮನೆ ಬಾಗಿಲಿಂದ ಆ ಮನೆ ಬಾಗಿಲಿಗೆ ಎಷ್ಟು ಗಂಟೆ ಅಂತ ನೋಡಿ.

ಟಿಕೆಟ್ ಮೇಲಿನ ಟೈಮ್ ಮೇಲ್ನೋಟಕ್ಕೆ ಅರ್ಥವಾಗುವುದಿಲ್ಲ. ಬೆಂಗಳೂರು ಬಿಡುವುದು ಮಧ್ಯಾಹ್ನ 2.30, ಸ್ಯಾನ್ ಫ್ರಾನ್ಸಿಸ್ಕೊ ಸೇರುವುದು ಅದೇ ದಿನ ಸಂಜೆ 5 ಅಂತಿದ್ದರೆ ಚಳಿಗಾಲದಲ್ಲಿ ಅದು 16 ಗಂಟೆಯ ಪ್ರಯಾಣ. ಅಲ್ಲಿನ ಗಡಿಯಾರ ಆಗ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ ಇರುತ್ತದೆ. ಬೇಸಿಗೆಯಲ್ಲಿ ಹನ್ನೆರಡೂವರೆ.

ಎರಡೂ ಊರಿನ ನಡುವೆ ಹತ್ತಿರದ ದಾರಿಯೇ ಸುಮಾರು 14,000 ಕಿಲೋಮೀಟರ್. ಮನೆಯಲ್ಲಿ ಗ್ಲೋಬ್ ಇದ್ದರೆ ಒಂದು ದಾರವನ್ನು ಬಿಗಿಯಾಗಿ ಹಿಡಿದು ನೋಡಿ. ದಾರ ಚೀನಾ, ಸೈಬೀರಿಯಾ ದಾಟಿ, ಆರ್ಕ್ಟಿಕ್ ಸಮುದ್ರದ ಅಂಚಿಗೆ ಹೋಗಿ, ಅಲಾಸ್ಕಾ ಮೇಲಿಂದ ಕೆಳಗೆ ಬರುತ್ತದೆ. ಗೋಡೆ ಮೇಲಿನ ನಕಾಶೆಯಲ್ಲಿ ಇದು ಗೊತ್ತೇ ಆಗಲ್ಲ. ವಿಮಾನ ಯಾವಾಗಲೂ ಇದೇ ಗೆರೆ ಹಿಡಿಯುವುದಿಲ್ಲ. ಗಾಳಿ, ಹವಾಮಾನ, ಯಾವ ದೇಶದ ಆಕಾಶ ಬಂದ್ ಆಗಿದೆ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತು ಅವರ ಜೊತೆಯ ಮಹಿಳಾ ಪೈಲಟ್‌ಗಳು ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಉತ್ತರ ಧ್ರುವದ ಮೇಲಿಂದ ನೇರವಾಗಿ ಬಂದಿಳಿದರು. ಆ ಸುದ್ದಿ ನೆನೆದರೆ ಇವತ್ತಿಗೂ ಖುಷಿಯಾಗುತ್ತದೆ.

ದುಬೈ ಮೇಲೆ ಹೋದರೆ ಮೊದಲು 2,700, ಆಮೇಲೆ 13,000 ಕಿಲೋಮೀಟರ್. ಹೆಚ್ಚಾಗುವ ದೂರ ಎರಡು ಗಂಟೆ ಹಾರಾಟದಷ್ಟೇ. ವಯಸ್ಸಾದವರನ್ನು ಸುಸ್ತು ಮಾಡುವುದು ಅದಲ್ಲ, ನಡುವೆ ಕಾಯುವುದು. ಇನ್ನು ಹಾಸನದಿಂದ ನೆಲಮಂಗಲ, ದೊಡ್ಡಬಳ್ಳಾಪುರ ಮೇಲೆ ದೇವನಹಳ್ಳಿಗೆ ನಾಲ್ಕು ಗಂಟೆಯಾದರೂ ಇಟ್ಟುಕೊಳ್ಳಬೇಕು. ಅಲ್ಲಿ ಮೂರು ಗಂಟೆ ಮುಂಚೆ ಇರಬೇಕು. ವಿಮಾನ ಮೇಲೇಳುವ ಹೊತ್ತಿಗೇ ಏಳು ಗಂಟೆ ಆಗಿಹೋಗಿರುತ್ತದೆ. ಇದನ್ನು ಯಾವ ಟಿಕೆಟ್ಟೂ ತೋರಿಸಲ್ಲ, ಅಲ್ವಾ?

ನಮ್ಮ ದೊಡ್ಡಮ್ಮ ಎರಡು ಕಡೆ ವಿಮಾನ ಬದಲಿಸುವ ಟಿಕೆಟ್‌ನಲ್ಲಿ ಹೋಗಿದ್ದರು. ಇಳಿದಾಗ ಪಾದ ಊದಿ ಚಪ್ಪಲಿಯೊಳಗೆ ಹೋಗುತ್ತಿರಲಿಲ್ಲ. ಶುಗರ್ ಮಾತ್ರೆಯನ್ನು ಯಾವ ಊರಿನ ಟೈಮಿಗೆ ನುಂಗಬೇಕು ಅಂತ ಗೊತ್ತಾಗದೆ ಒಂದು ಹೊತ್ತು ಬಿಟ್ಟೇಬಿಟ್ಟಿದ್ದರು. "ಯಾರನ್ನ ಕೇಳಲಿ ಮಗಾ, ಅಲ್ಲಿ ಯಾರಿಗೂ ನನ್ನ ಮಾತು ತಿಳಿಯಲ್ಲ" ಅಂದರು. ಕೇಳಿ ನನಗೆ ತುಂಬಾ ಸಂಕಟವಾಯಿತು.

ಸ್ವಲ್ಪ ದುಡ್ಡು ಜಾಸ್ತಿಯಾದರೂ ಪರವಾಗಿಲ್ಲ. ನೇರ ವಿಮಾನ ಸಿಕ್ಕರೆ ಅದನ್ನೇ ಹಿಡಿಯಿರಿ, ಇಲ್ಲದಿದ್ದರೆ ಒಂದೇ ಕಡೆ ಬದಲಿಸುವುದು ನೋಡಿ. ಓಡುವ ಹಾಗೂ ಆಗಬಾರದು, ರಾತ್ರಿಯಿಡೀ ಕೂರುವ ಹಾಗೂ ಆಗಬಾರದು, ಮೂರು ನಾಲ್ಕು ಗಂಟೆ ಬಿಡುವಿರಲಿ. ವೀಲ್‌ಚೇರ್ ಬೇಕು ಅಂತ ಬುಕ್ ಮಾಡುವಾಗಲೇ ಹೇಳಿ. ಮಾತ್ರೆಯ ಟೈಮನ್ನು ಡಾಕ್ಟರ ಹತ್ತಿರ ಕೇಳಿ, ಕನ್ನಡದಲ್ಲಿ ಒಂದು ಚೀಟಿ ಬರೆದು ಪಾಸ್‌ಪೋರ್ಟ್ ಜೊತೆ ಇಟ್ಟುಕೊಡಿ.