ಹನ್ನೊಂದೋ ಹನ್ನೆರಡೋ

ಬಲಗೈ ಹೆಬ್ಬೆರಳು ಇನ್ನೂ ಊದಿಕೊಂಡಿದೆ. ಇದು ಮೊಬೈಲ್ ತೀಡಿ ತೀಡಿ ಬಂದ ರೋಗ ಅಂತ ಮನೆಯವರೆಲ್ಲ ತೀರ್ಪು ಕೊಟ್ಟಾಗಿದೆ. ಅಲ್ಲ ಸ್ವಾಮಿ, ಹಕ್ಕಿ ಎಣಿಸಿ ಬಂದದ್ದು. ಭಾನುವಾರ ಬೆಳಿಗ್ಗೆ ಆರೂವರೆಯಿಂದ ಹನ್ನೊಂದರ ತನಕ ಕೆರೆ ಏರಿ ಮೇಲೆ ನಿಂತು, ಜಪದ ಲೆಕ್ಕಕ್ಕೆ ಬಳಸುತ್ತಾರಲ್ಲ, ಅಂಥದೊಂದು ಕ್ಲಿಕ್ಕರ್ ಹಿಡಿದು ಕಟಕ್ ಕಟಕ್ ಅಂತ ಒತ್ತಿದ್ದಕ್ಕೆ ಸಿಕ್ಕ ಪ್ರಸಾದ.

ಜನವರಿಯಲ್ಲಿ ಕೋಲಾರದ ಮನೆಗಳಲ್ಲಿ ಅವರೆಕಾಯಿ ಸುಲಿಯುವುದು ಬಿಟ್ಟರೆ ಬೇರೆ ಉದ್ಯೋಗವಿಲ್ಲ. ನನ್ನಂಥ ನಾಲ್ಕಾರು ಮಂದಿಗೆ ಮಾತ್ರ ನೀರುಹಕ್ಕಿ ಗಣತಿ ಅಂತ ಇನ್ನೊಂದು ಅಂಟಿಕೊಂಡಿದೆ. 1987ರಲ್ಲಿ ಭಾರತ ಉಪಖಂಡದಲ್ಲಿ ಶುರುವಾಗಿ, ಏಷ್ಯಾದ ಉದ್ದಗಲಕ್ಕೂ ಹಬ್ಬಿ, ಜನವರಿ ನಡುವಿನಲ್ಲಿ ನಡೆಯುತ್ತ ಬಂದ ಗಣತಿ ಇದು. ಜನಗಣತಿಗೆ ಹೋದವರಿಗಾದರೂ ಗೌರವಧನ ಅಂತ ಒಂದಿಷ್ಟು ಸಿಗುತ್ತದೆ. ನಮಗೆ ಪೆಟ್ರೋಲೂ ನಮ್ಮದೇ, ಚಿತ್ರಾನ್ನವೂ ನಮ್ಮದೇ. "ಮೂರು ಕೇಜಿ ಅವರೆಕಾಯಿ ತಂದು ಸುರಿದು ಹಕ್ಕಿ ಎಣಿಸೋಕೆ ಹೊರಟ್ರಾ? ಇಲ್ಲೇ ಕೂತು ಕಾಳು ಎಣಿಸಿದ್ರೆ ಸಾರಾದ್ರೂ ಆಗ್ತಿತ್ತು" ಅಂದಳು ನನ್ನ ಹೆಂಡತಿ. ಉತ್ತರ ಹೊಳೆಯಲಿಲ್ಲ. ಇವತ್ತಿಗೂ ಹೊಳೆದಿಲ್ಲ.

ನಾವು ಮೂವರು. ನಾನು, ಟೆಲಿಸ್ಕೋಪ್ ಇರುವ ಬ್ಯಾಂಕಿನ ಹುಡುಗ, ಮತ್ತೆ ಮೇಷ್ಟ್ರು. ಹೈಸ್ಕೂಲಲ್ಲಿ ಲೆಕ್ಕ ಕಲಿಸಿ ನಿವೃತ್ತರಾದವರು. ನಾನೂ ಅವರ ಶಿಷ್ಯನೇ. ಒಂಬತ್ತನೇ ಕ್ಲಾಸಿನಲ್ಲಿ ನನಗೆ ಮೂವತ್ತನಾಲ್ಕು ಅಂಕ ಕೊಟ್ಟು ಅಲ್ಲೇ ಕೂರಿಸಿದ ಪುಣ್ಯಾತ್ಮರು.

ದೊಡ್ಡ ಗುಂಪನ್ನು ಎಣಿಸುವುದಕ್ಕೊಂದು ಕ್ರಮವಿದೆ. ಹತ್ತು ಹಕ್ಕಿ ನೀರ ಮೇಲೆ ಎಷ್ಟು ಜಾಗ ಹಿಡಿಯುತ್ತವೆ ಅಂತ ಕಣ್ಣಲ್ಲೇ ಅಳೆದು, ಆ ಅಳತೆಯನ್ನು ಚಾಪೆ ಹಾಸಿದ ಹಾಗೆ ಗುಂಪಿನ ಮೇಲೆ ಹಾಸುತ್ತ ಹೋಗುವುದು. ಪ್ರಪಂಚವೆಲ್ಲ ಹೀಗೇ ಎಣಿಸುತ್ತದೆ. ಮೇಷ್ಟ್ರು ಒಪ್ಪಬೇಕಲ್ಲ! 'ಸುಮಾರು' ಅನ್ನುವ ಮಾತು ಕಿವಿಗೆ ಬಿದ್ದರೆ ಸೀಮೆಸುಣ್ಣ ಎಸೆಯುವ ಅವರ ಕೈ ಈಗಲೂ ಮೇಲೇಳುತ್ತದೆ. "ನಿನಗೆ ನಾನು ಸುಮಾರು ಮಾರ್ಕ್ಸ್ ಕೊಟ್ಟಿದ್ನೇನಯ್ಯಾ?"

ಹಾಗಾಗಿ ನಾಮದ ಕೋಳಿಗಳನ್ನು ಒಂದೊಂದಾಗಿ ಎಣಿಸಿದೆವು. ಕಪ್ಪು ಮೈ, ಹಣೆಗೆ ಬಿಳಿ ನಾಮ. 412 ದಾಟಿತ್ತು ನೋಡಿ, ಜೊಂಡಿನ ಮೇಲೆ ಜೌಗು ಸೆಳೆವ ಅನ್ನುವ ಬೇಟೆಹಕ್ಕಿಯೊಂದು ತೇಲಿ ಬಂತು. ಅದೂ ನಮ್ಮ ಹಾಗೆ ಲೆಕ್ಕ ಹಾಕಲು ಬಂದದ್ದೇ, ಆದರೆ ತಿಂಡಿಗೆ. ಇಡೀ ಕೆರೆ ದಡಬಡ ಎದ್ದು, ನೀರ ಮೇಲೆ ಓಡಿ, ಆಚೆ ದಡದಲ್ಲಿ ಕಲಸಿಹೋಯಿತು. ಇದ್ದಬದ್ದ ನಾಮವೆಲ್ಲ ನಮಗೇ. "ಒಂದರಿಂದ," ಅಂದರು ಮೇಷ್ಟ್ರು.

ಇಷ್ಟರಲ್ಲಿ ಪಂಚೆ ಎತ್ತಿಕಟ್ಟಿದವನೊಬ್ಬ ಓಡಿ ಬಂದ. ಮೂರು ಕಾಲಿನ ಮೇಲೆ ನಿಂತ ಟೆಲಿಸ್ಕೋಪು ಅವನ ಕಣ್ಣಿಗೆ ಸರ್ವೆ ಉಪಕರಣ. ಅವನ ಟೊಮೇಟೊ ತೋಟದ ಒಂದು ಮೂಲೆ ಕೆರೆಯೊಳಕ್ಕೆ ಕಾಲು ಚಾಚಿತ್ತು. "ನಮ್ದು ಎಲ್ಡೇ ಗುಂಟೆ ಸಾ, ಮಿಕ್ಕಿದ್ದು ನಮ್ ತಮ್ಮಂದು" ಅಂತ ಕೇಳದೆಯೇ ತಪ್ಪೊಪ್ಪಿಕೊಂಡ. ಹಕ್ಕಿ ಎಣಿಸುತ್ತಿದ್ದೇವೆ ಅಂದರೆ, "ಊ ಸಾ, ಹಂಗೇ ಬರ್ಕಳಿ" ಅಂತ ಕಣ್ಣು ಮಿಟುಕಿಸಿ ನನ್ನ ಗಾಡಿಗೆ ಒಂದು ಚೀಲ ಅವರೆಕಾಯಿ ನೇತುಹಾಕಿದ.

"ಎಷ್ಟಿದೆ?" ಅಂದರು ಮೇಷ್ಟ್ರು.

"ಒಂದೈದು ಕೇಜಿ ಇರ್ಬೋದು ಸಾ."

"ಇರ್ಬೋದು?"

ಲಂಚ ಅನ್ನಿಸಿಕೊಳ್ಳಬಾರದು ಅಂತ ನಾನು ಇನ್ನೂರು ರೂಪಾಯಿ ಕೊಟ್ಟೆ. ದುಡ್ಡು ಕೊಡುವ ಅಧಿಕಾರಿಯನ್ನು ಅವನು ಅದೇ ಮೊದಲು ಕಂಡಿರಬೇಕು. ಮುಖ ಇನ್ನಷ್ಟು ಬಿಳಿಚಿತು.

ಅಸಲಿ ಪೀಕಲಾಟ ಶುರುವಾದದ್ದು ಗುಳುಮುಳುಕದಿಂದ. ಬಾಲವೇ ಇಲ್ಲದ, ಚೆಂಡಿನಂಥ ಪುಟಾಣಿ. ಸೈಬೀರಿಯಾ ಕಡೆಯಿಂದ ಬಂದ ಸೂಜಿಬಾಲದ ಬಾತು, ಚಲುಕದ ಬಾತುಗಳೆಲ್ಲ ಮರ್ಯಾದೆಯಾಗಿ ಎಣಿಸಿಕೊಂಡವು. ಈ ಊರಿನದೇ ಇದೆಯಲ್ಲ, ಇದಕ್ಕೆ ಏನು ರೋಗ? ಕಣ್ಣಿಟ್ಟ ಕೂಡಲೇ ಗುಳುಕ್ ಅಂತ ಮುಳುಗುತ್ತದೆ, ಎಲ್ಲೋ ಏಳುತ್ತದೆ. ಎದ್ದದ್ದು ಮುಳುಗಿದ್ದೋ, ಬೇರೆಯದೋ? ಮೊದಲ ಸುತ್ತು ಹನ್ನೊಂದು ಬಂತು. ಎರಡನೆಯದಕ್ಕೆ ಹನ್ನೆರಡು. ಮೂರನೆಯದಕ್ಕೆ ಒಂಬತ್ತು, ಆಗ ಮೇಷ್ಟ್ರ ಕಿವಿ ಕೆಂಪಾಯಿತು.

ಹಾಜರಿ ತೆಗೆದುಕೊಳ್ಳಲು ನಿಂತರು. ಎಡದಿಂದ ಬಲಕ್ಕೆ ಎಲ್ಲಕ್ಕೂ ರೋಲ್ ನಂಬರು. ಒಂದರಿಂದ ನಾಲ್ಕು ನನ್ನ ಸುಪರ್ದಿ, ಐದರಿಂದ ಎಂಟು ಬ್ಯಾಂಕಿನ ಹುಡುಗನದು, ಮಿಕ್ಕ ಪೋಕರಿಗಳು ಅವರವು. "ಮೂರು ಮುಳುಗಿತು ಸಾರ್!" "ಎದ್ದ ಮೇಲೆ ಹೇಳು." "ಎದ್ದಿತು ಸಾರ್!" "ಅದು ಮೂರೇ ಅಂತ ಹೆಂಗೆ ಹೇಳ್ತೀಯ?" ಹೆಂಗೆ ಹೇಳಲಿ? ಅದೇನು ಯೂನಿಫಾರ್ಮಿಗೆ ಹೆಸರು ಹೊಲಿಸಿಕೊಂಡಿತ್ತೇ? ಹೀಗೆ ನಲವತ್ತು ನಿಮಿಷ. ಹಾಲಿನ ಕ್ಯಾನು ಕಟ್ಟಿಕೊಂಡು ಹೊರಟವರಿಬ್ಬರು ಗಾಡಿ ನಿಲ್ಲಿಸಿ, ಐವತ್ತು ದಾಟಿದ ನಾನು ನೀರಿನ ಕಡೆ ತಿರುಗಿ "ಎರಡು ಇನ್ನೂ ಬಂದಿಲ್ಲ ಸಾರ್" ಅಂತ ಕೂಗುವುದನ್ನು ಕೇಳಿ, ಯಾರೋ ಮುಳುಗಿಹೋದರು ಅಂತ ಚಪ್ಪಲಿ ಬಿಚ್ಚಿದರು.

ಬ್ಯಾಂಕಿನ ಹುಡುಗ ತಡೆಯಲಾರದೆ, "ಆ ಒಂಬತ್ತು ಬಿಟ್ಟು ಸರಾಸರಿ ಹಾಕಿಬಿಡೋಣ ಸಾರ್, ಹನ್ನೊಂದೂವರೆ" ಅಂದ.

ಮೇಷ್ಟ್ರು ಬೈನಾಕ್ಯುಲರ್ ಇಳಿಸಿ ಅವನನ್ನೇ ನೋಡಿದರು. "ಅರ್ಧ ಗುಳುಮುಳುಕ ಎಲ್ಲಾದ್ರೂ ಈಜ್ತಾ ಇದ್ರೆ ತೋರಿಸಪ್ಪ."

ಸಿಟ್ಟು ಬಂತು, ನಿಜ. ಹಾಗಂತ ಎದ್ದು ಬರಲೂ ಮನಸ್ಸಾಗಲಿಲ್ಲ. ಈ ಕೆರೆಯಲ್ಲಿ ನಾನು ಬಹಳ ವರ್ಷ ಕಂಡದ್ದು ಸೀಮೆಜಾಲಿಯನ್ನೇ. 2018ರಲ್ಲಿ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು ಪೈಪಿನಲ್ಲಿ ಲಕ್ಷ್ಮೀಸಾಗರ ಕೆರೆಗೆ ಬಂತು. ಒಂದರ ಕೋಡಿ ಹರಿದು ಇನ್ನೊಂದಕ್ಕೆ, ಅದರದು ಮತ್ತೊಂದಕ್ಕೆ, ಕೊನೆಗೆ ನಮ್ಮದಕ್ಕೂ. ಬೆಂಗಳೂರಿನವರು ಮಿಂದು ಬಿಟ್ಟ ನೀರು ನಮಗೆ, ಆ ನೀರಿಗೆ ಸೈಬೀರಿಯಾದ ಬಾತು, ಬಾತಿಗೆ ನನ್ನ ಹೆಬ್ಬೆರಳು. ದಡದ ತೆಳುನೀರಿನಲ್ಲಿ ಮೆಟ್ಟುಗಾಲು ಹಕ್ಕಿಗಳು ಗುಲಾಬಿ ಕಡ್ಡಿಯಂಥ ಕಾಲಿನ ಮೇಲೆ ನಿಂತಿದ್ದವು. ಹೆಚ್ಚುಕಮ್ಮಿ ಅಲ್ಲೇ ನಾವು ಮೂರು ಜಾಲಿಕೋಲು ನೆಟ್ಟು ವಿಕೆಟ್ ಮಾಡಿಕೊಳ್ಳುತ್ತಿದ್ದದ್ದು. ಬಿರುಕುಬಿಟ್ಟ ನೆಲ, ಚೆಂಡು ಬಿರುಕಿಗೆ ಬಿದ್ದರೆ ಎರಡು ರನ್ನು. ಆಗ ಕೆರೆ ಅಂದರೆ ಆಟದ ಬಯಲು ಅಂತಲೇ ನನಗೆ ಗೊತ್ತಿದ್ದದ್ದು. ಈಗ ನೀರು ಇನ್ನೊಂದು ಮೊಳ ಏರಿದರೆ ಆ ಹಕ್ಕಿಗಳಿಗೂ ಕಾಲೂರಲು ಜಾಗ ಉಳಿಯುವುದಿಲ್ಲ. ಅವಕ್ಕೆ ತೆಳುನೀರೇ ಬೇಕು. ಕೆರೆ ಕೋಡಿ ಬಿದ್ದರೆ ಊರಿಗೆ ಬಾಗಿನದ ಸಂಭ್ರಮ, ಇವಕ್ಕೆ ಗಂಟುಮೂಟೆ.

ಎಂಟು ಕೇಜಿ ಅವರೆಕಾಯಿ ಕಂಡ ಹೆಂಡತಿ ಮಾತೇ ಆಡಲಿಲ್ಲ, ಪಾತ್ರೆ ತಂದು ಮುಂದಿಟ್ಟಳು. ರಾತ್ರಿ ಊದಿದ ಹೆಬ್ಬೆರಳಿನಲ್ಲೇ ನೆನೆಸಿದ ಕಾಳು ಹಿತಕುತ್ತ ಕೂತಿದ್ದೆ. ಮೇಷ್ಟ್ರ ಫೋನು.

"ಫಾರಂ ತುಂಬ್ತಾ ಇದ್ದೀನಿ ಕಣಯ್ಯಾ. ಗುಳುಮುಳುಕದ ಮುಂದೆ ಖಾಲಿ ಬಿಟ್ಟಿದ್ದೀನಿ."

"ಹನ್ನೊಂದು ಅಂತ ಬರೆದುಬಿಡಿ ಸಾರ್. ಯಾರು ಕೇಳ್ತಾರೆ?"

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ.

"ಹಂಗೆ ಬರೆದುಬಿಡೋ ಹಾಗಿದ್ರೆ ಅವತ್ತು ನಿಂದೂ ಮೂವತ್ತೈದು ಅಂತ ಬರೆದುಬಿಡ್ತಿದ್ದೆ."

ಕೈಯಲ್ಲಿದ್ದ ಕಾಳು ಸಿಪ್ಪೆಯಿಂದ ಪುಸಕ್ಕನೆ ಜಾರಿ ಸೋಫಾ ಕೆಳಗೆ ಹೋಯಿತು.

"ಆರು ಗಂಟೆಗೆ ಏರಿ ಮೇಲೆ ಇರ್ತೀನಿ ಸಾರ್" ಅಂದೆ.